ಆ ಪದಕ್ಕೆ ಕನ್ನಡವಿಲ್ಲ

ಫ್ರೆಂಚ್ ರಾಕ್ಸ್
೧೨ ಜೂನ್ ೧೯೨೭

ಪ್ರಿಯ ಭಾವನವರಿಗೆ ಅಂದಾನಯ್ಯನ ವಂದನೆಗಳು.

ನಿಮ್ಮ ಕಾಗದ ತಲುಪಿ ಬಹಳ ದಿನವಾಯಿತು. ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಶಾಲೆ ಮತ್ತೆ ಆರಂಭವಾಗಿದೆ. ಕುಂತಿಬೆಟ್ಟದ ಮೇಲೆ ಮೋಡ ಕೂರುತ್ತದೆ, ಹೋಗುತ್ತದೆ. ಕಾಗದದ ಮೇಲೆ ಫ್ರೆಂಚ್ ರಾಕ್ಸ್ ಎನಿಸಿಕೊಳ್ಳುವ ನಮ್ಮ ಹಿರೋಡೆಯವರೆಲ್ಲ ಹೊಲ ಹಸನು ಮಾಡಿಕೊಂಡು ಕಾಯುತ್ತಿದ್ದಾರೆ. ನಿಮ್ಮ ತಂಗಿ ಯಶೋದೆ ಕ್ಷೇಮವಾಗಿದ್ದಾಳೆ. ನಿಮ್ಮೆಲ್ಲರನ್ನೂ ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ಈಗ ಒಂದು ಸಂದೇಹ. ನೀವು ಬೈಬಲ್ಲಿನ, ನಮ್ಮ ಸತ್ಯವೇದದ, ಕನ್ನಡವನ್ನು ತಿದ್ದುವ ಕಮಿಟಿಯಲ್ಲಿ ಕುಳಿತಿದ್ದೀರಿ, ಹೀಬ್ರೂ ಬಲ್ಲವರು. ನಾನಾದರೋ ಅಪ್ಪ ತೀರಿಕೊಂಡಾಗ ಓದು ಅರ್ಧಕ್ಕೇ ಬಿಟ್ಟು ಬಂದವನು. ಮೋಶೆಯ ಮೂರನೆಯ ಪುಸ್ತಕದಲ್ಲಿ ಯಾಜಕನು ಮೈಮೇಲಿನ ಮಚ್ಚೆಗಳನ್ನು ಪರೀಕ್ಷಿಸುವ ಅಧ್ಯಾಯವಿದೆಯಲ್ಲ, ಅಲ್ಲಿ ನಮ್ಮ ಕನ್ನಡದಲ್ಲಿ ಕುಷ್ಠ ಎಂದಿದೆ. ಆದರೆ ಅದೇ ಅಧ್ಯಾಯದ ಕೊನೆಗೆ ಬಟ್ಟೆಗೂ ಕುಷ್ಠ ಬರುತ್ತದೆ. ಮುಂದಿನ ಅಧ್ಯಾಯದಲ್ಲಿ ಮನೆಯ ಗೋಡೆಗೇ ಬರುತ್ತದೆ. ನಮ್ಮ ಕಡೆ ಬಟ್ಟೆಗೆ ಬರುವುದು ಬೂಷ್ಟು, ಗೋಡೆಗೆ ಬರುವುದು ಉಪ್ಪು. ಕುಷ್ಠ ಬಂದ ಗೋಡೆಯನ್ನು ನಾನು ಕಂಡಿಲ್ಲ. ಮೂಲದಲ್ಲಿರುವ ಪದ ಯಾವುದು? ಅದರ ನಿಜವಾದ ಅರ್ಥವೇನು? ಬಿಡುವಾದಾಗ ಬರೆಯಿರಿ. ಅಷ್ಟೇನೂ ಅವಸರವಿಲ್ಲ.

ನಿಮ್ಮ
ಅಂದಾನಯ್ಯ


ಬೆಂಗಳೂರು
೨೫ ಜೂನ್ ೧೯೨೭

ಪ್ರಿಯ ಅಂದಾನಯ್ಯ,

ಭೇಷ್! ಹಿರೋಡೆಯ ಗುಡ್ಡದ ಕೆಳಗೆ ಕೂತು ಗೋಡೆಯ ಕುಷ್ಠದ ಬಗ್ಗೆ ಯೋಚಿಸುವವನು ಈ ಸೀಮೆಯಲ್ಲಿ ನೀನೊಬ್ಬನೇ. ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಮನೆಯವರಿಗೆಲ್ಲ ಓದಿ ಹೇಳಿದೆ.

ಆ ಪದ ತ್ಸಾರಾಅತ್. ಮೊದಲಕ್ಷರವನ್ನು ನಾಲಿಗೆಯ ತುದಿ ಹಲ್ಲಿಗೆ ತಾಗಿಸಿ ನುಡಿಯಬೇಕು. ಕೊನೆಯಕ್ಷರಕ್ಕೆ ಮುಂಚೆ ಗಂಟಲಲ್ಲಿ ಒಂದು ತಡೆ. ಹೊಡೆತ ಎಂಬರ್ಥದ ಧಾತುವಿನಿಂದ ಬಂದಿರಬಹುದು ಎನ್ನುತ್ತಾರೆ, ಖಚಿತವಿಲ್ಲ. ಮೈಮೇಲಾಗಲಿ, ನೂಲಿನ ಮೇಲಾಗಲಿ, ಗೋಡೆಯ ಮೇಲಾಗಲಿ ಕಾಣಿಸಿಕೊಂಡು ಮೈಲಿಗೆ ತರುವ ಒಂದು ಕಲೆ ಎನ್ನಬಹುದು. ಈಗ ನಾವು ದೊಡ್ಡ ರೋಗ ಎನ್ನುತ್ತೇವಲ್ಲ, ಬೆರಳು ಉದುರುವುದು, ಅದರ ಲಕ್ಷಣ ಆ ಅಧ್ಯಾಯದಲ್ಲಿ ಒಂದೂ ಇಲ್ಲ. ಗ್ರೀಕರು ಅದನ್ನು ಹಕ್ಕಳೆ ಏಳುವ ಚರ್ಮದ ಕಾಯಿಲೆಯ ಹೆಸರಿನಿಂದ ಕರೆದರು. ಆ ಹೆಸರು ಲ್ಯಾಟಿನ್ನಿಗೆ ಹೋಯಿತು, ಅಲ್ಲಿಂದ ಇಂಗ್ಲಿಷಿಗೆ ಬರುವ ವೇಳೆಗೆ ದೊಡ್ಡ ರೋಗವೇ ಆಗಿಬಿಟ್ಟಿತ್ತು. ನಮ್ಮ ಹಿರಿಯರು ಅದನ್ನು ಕುಷ್ಠ ಎಂದರು. ಮುಗಿಯಿತು ಕಥೆ.

ನಿಜವಾದ ಸುದ್ದಿ ಕೇಳು. ನಮ್ಮ ಹುಡುಗಿಗೆ ಗಂಡು ಗೊತ್ತಾಗುವ ಹಾಗಿದೆ. ಮೈಸೂರಿನವರು, ಅಪ್ಪ ಅರಮನೆಯ ಕಚೇರಿಯಲ್ಲಿದ್ದಾರೆ. ವಂಶದಲ್ಲಿ ಯಾರಿಗಾದರೂ ಏನಾದರೂ ಉಂಟೇ ಎಂದು ಅಜ್ಜ ಮುತ್ತಜ್ಜಂದಿರ ತನಕ ವಿಚಾರಿಸಿದ್ದಾರೆ. ಯಶೋದೆ ಮುಂಚೆಯೇ ಬಂದು ಜೊತೆಗಿರಬೇಕು. ಅವಳಿಲ್ಲದೆ ನನ್ನ ಹೆಂಡತಿಗೆ ಒಂದು ಸೀರೆ ಆರಿಸುವುದಕ್ಕೂ ಬಾರದು. ಕಳಿಸು.

ನಿನ್ನ
ದೇವಯ್ಯ


ಫ್ರೆಂಚ್ ರಾಕ್ಸ್
೪ ಸೆಪ್ಟೆಂಬರ್ ೧೯೨೭

ಪ್ರಿಯ ಭಾವನವರಿಗೆ ವಂದನೆಗಳು.

ಸಂಬಂಧ ಕೂಡಿಬರುತ್ತಿರುವುದು ಸಂತೋಷ. ಯಶೋದೆಗೆ ಸದ್ಯಕ್ಕೆ ಬರಲಾಗುವುದಿಲ್ಲ. ಮಂಡಿ ನೋವು. ರೈಲು ಹತ್ತಿ ಇಳಿಯುವುದು ಕಷ್ಟ. ಬೇಸರ ಮಾಡಿಕೊಳ್ಳಬೇಡಿ.

ನೀವು ಆ ಪದದ ಬಗ್ಗೆ ಬರೆದುದನ್ನು ಮತ್ತೆ ಮತ್ತೆ ಓದಿದೆ. ಕಥೆ ಮುಗಿಯಿತು ಎಂದಿದ್ದೀರಿ. ಇಲ್ಲಿ ಅದು ಮುಗಿದಿಲ್ಲ. ನಮ್ಮ ಕ್ರೈಸ್ತ ಸಭೆಯಲ್ಲಿ ಒಬ್ಬ ಹೆಂಗಸಿನ ಕೈಮೇಲೆ ಬಿಳಿ ಮಚ್ಚೆ ಎದ್ದಿದೆ. ಮೈಸೂರಿನ ಡಾಕ್ಟರಿಗೆ ತೋರಿಸಿದ್ದಾಯಿತು. ಸೂಜಿ ಚುಚ್ಚಿದರೆ ನೋವು ಗೊತ್ತಾಗುತ್ತದೆ, ದೊಡ್ಡ ರೋಗವಾಗಿದ್ದರೆ ಗೊತ್ತಾಗುತ್ತಿರಲಿಲ್ಲ, ಇದು ಬರೀ ತೊನ್ನು, ಯಾರಿಗೂ ಅಂಟುವುದಿಲ್ಲ ಎಂದು ಅವರು ಹೇಳಿದರು. ಆದರೂ ಕರ್ತನ ಭೋಜನದಲ್ಲಿ ಎಲ್ಲರೂ ಸರದಿಯಲ್ಲಿ ಕುಡಿಯುವ ಬಟ್ಟಲನ್ನು ಅವಳು ಕೊನೆಗೆ ಮುಟ್ಟಬೇಕೆಂದು ಸಭೆಯ ಹಿರಿಯರು ಅಂದರು. ಆಮೇಲೆ ಮುಟ್ಟುವುದೇ ಬೇಡ ಅಂದರು. ಹಿರಿಯರಲ್ಲಿ ಮುಖ್ಯರಾದ ಚೌಡಯ್ಯನವರನ್ನು ನೀವು ಬಲ್ಲಿರಿ, ಕೆಟ್ಟವರಲ್ಲ. ಡಾಕ್ಟರ ಮಾತನ್ನು ಹೇಳಿದ್ದಕ್ಕೆ ಅವರು, "ಡಾಕ್ಟ್ರು ತೊನ್ನು ಅಂತಾರೆ, ಸತ್ಯವೇದ ಕುಷ್ಠ ಅಂತದೆ. ನಾವು ಯಾರ್ ಮಾತ್ ಕೇಳ್ಮಾ ಯೋಳಿ ಮೇಷ್ಟ್ರೇ?" ಅಂದರು.

ನಿಮ್ಮ ತಿದ್ದುಪಡಿಯಲ್ಲಿ ಆ ಒಂದು ಪದವನ್ನು ಬದಲಾಯಿಸಬಾರದೇ? ಮೈಲಿಗೆಯ ಕಲೆ ಎನ್ನಬಹುದು. ಅಥವಾ ಮಚ್ಚೆ ಎಂದಷ್ಟೇ ಬಿಡಬಹುದು. ನಮ್ಮ ಮಿಷನರಿ ದೊರೆಗಳು ರಜೆಯ ಮೇಲೆ ಸ್ವದೇಶಕ್ಕೆ ಹೋಗಿದ್ದಾರೆ. ಅವರಿದ್ದಿದ್ದರೆ ಅವರನ್ನು ಕೇಳುತ್ತಿದ್ದೆ. ಈಗ ನಿಮ್ಮನ್ನಲ್ಲದೆ ಇನ್ನಾರನ್ನು ಕೇಳಲಿ?

ನಿಮ್ಮ
ಅಂದಾನಯ್ಯ


ಬೆಂಗಳೂರು
೨ ಅಕ್ಟೋಬರ್ ೧೯೨೭

ಪ್ರಿಯ ಅಂದಾನಯ್ಯ,

ಕೋಪಿಸಿಕೊಳ್ಳಬೇಡ, ನೇರವಾಗಿ ಬರೆಯುತ್ತೇನೆ. ಕಮಿಟಿಗೆ ನಿನ್ನನ್ನು ಕರೆಯಲಿಲ್ಲವೆಂದು ನಿನಗೆ ಮೊದಲಿನಿಂದಲೂ ಕೊರಗಿದೆ. ನನಗೆ ಗೊತ್ತು. ಆದರೆ ಹೀಗೆ ಒಂದೊಂದು ಪದ ಹಿಡಿದು ಹೊರಗಿನಿಂದ ತಿದ್ದಲು ಹೊರಟರೆ ಇನ್ನು ಹತ್ತು ವರ್ಷವಾದರೂ ಪುಸ್ತಕ ಅಚ್ಚಾಗುವುದಿಲ್ಲ. ಮೈಲಿಗೆಯ ಕಲೆ ಅಂದರೆ ನಮ್ಮವರು ಹಳೆಯ ಜಾತಿಯ ಮೈಲಿಗೆಯನ್ನೇ ನೆನೆಯುತ್ತಾರೆ. ಮಚ್ಚೆ ಅಂದರೆ ಹುಟ್ಟುಮಚ್ಚೆಯವರೆಲ್ಲ ಹೆದರುತ್ತಾರೆ. ಕುಷ್ಠ ಎಂಬುದಕ್ಕೆ ಜನ ಒಗ್ಗಿಕೊಂಡಿದ್ದಾರೆ.

ಆ ಹೆಂಗಸಿನ ವಿಷಯ ಕೇಳಿ ಅಯ್ಯೋ ಅನ್ನಿಸಿತು. ಹಳ್ಳಿಯ ಸಭೆಗಳು ಹೀಗೇ. ಅವಳಿಗೊಂದು ಸಮಾಧಾನದ ಮಾತು ಬೇಕಾದರೆ ಅದೇ ಅಧ್ಯಾಯದಲ್ಲಿದೆ, ಹುಡುಕು. ಮಚ್ಚೆ ಅಲ್ಲೊಂದು ಇಲ್ಲೊಂದು ಇದ್ದರೆ ಅಶುದ್ಧ. ಆದರೆ ಅದು ತಲೆಯಿಂದ ಕಾಲಿನವರೆಗೆ ಹರಡಿ, ಮೈಯೆಲ್ಲ ಬಿಳುಪಾಗಿಬಿಟ್ಟರೆ ಯಾಜಕನು ಅಂಥವನನ್ನು ಶುದ್ಧನೆಂದು ಹೇಳಬೇಕು! ಇದೊಂದರಿಂದಲೇ ತಿಳಿಯುವುದಿಲ್ಲವೇ, ಅದು ನಮ್ಮ ಕುಷ್ಠವಲ್ಲವೆಂದು? ಅವಳಿಗೆ ಓದಿ ಹೇಳು. ಸ್ವಲ್ಪ ನಗಲಿ ಪಾಪ.

ನಿಶ್ಚಿತಾರ್ಥ ಆಯಿತು. ಮದುವೆ ಮೇ ತಿಂಗಳಲ್ಲಿ. ಯಶೋದೆಯ ಮಂಡಿಗೆ ಹರಳೆಣ್ಣೆ ಕಾಯಿಸಿ ಹಚ್ಚು. ಅವಳೇ ಒಂದು ಸಾಲು ಬರೆಯಬಾರದೇ? ಕೈಗೇನಾಗಿದೆ ಅವಳಿಗೆ?

ನಿನ್ನ
ದೇವಯ್ಯ


ಫ್ರೆಂಚ್ ರಾಕ್ಸ್
೧೧ ಡಿಸೆಂಬರ್ ೧೯೨೭

ಪ್ರಿಯ ಭಾವನವರಿಗೆ,

ಆ ಹೆಂಗಸು ನಿಮ್ಮ ತಂಗಿ.

ಮೊದಲೇ ಬರೆಯಬೇಕಿತ್ತು. ಯಶೋದೆ ಕೈ ಹಿಡಿದುಕೊಂಡು ಬೇಡಿದ್ದಳು. "ಅಣ್ಣುಂಗೆ ಮಾತ್ರ ಯೋಳ್ಬೇಡಿ. ಅತ್ತೆಗೆ ತೊನ್ನೈತೆ ಅಂತ ಗೊತ್ತಾದ್ರೆ ಮಗೀನ ಮದ್ವೆ ನಿಂತೋಯ್ತದೆ" ಎಂದಳು. ಅದಕ್ಕೇ ಮಂಡಿ ನೋವೆಂದು ಬರೆದೆ. ಕಮಿಟಿಯ ಕೊರಗಿನಿಂದ ನಾನು ಆ ಪದ ಹಿಡಿದಿಲ್ಲ ಭಾವ.

ಯುಗಾದಿಯ ಸುಮಾರಿಗೆ ಬೆರಳ ಸಂದಿನಲ್ಲಿ ಕಾಣಿಸಿತು. ಮಳೆಗಾಲದ ಹೊತ್ತಿಗೆ ಮುಂಗೈಗೆ, ಬಾಯಿಯ ಅಂಚಿಗೆ ಬಂತು. ಸೆರಗಿನಲ್ಲಿ ಎಷ್ಟು ದಿನ ಮುಚ್ಚಿಕೊಂಡಾಳು? ಒಂದು ದಿನ ಚೌಡಯ್ಯನವರು ದೇವಾಲಯದಲ್ಲಿ ಆ ಅಧ್ಯಾಯವನ್ನೇ ಓದಿದರು. ಕುಷ್ಠವುಳ್ಳವನು ಪಾಳೆಯದ ಹೊರಗೆ ಒಬ್ಬನೇ ಇರಬೇಕು ಎಂಬಲ್ಲಿಗೆ ಬಂದಾಗ ಯಾರೂ ನಮ್ಮ ಕಡೆ ನೋಡಲಿಲ್ಲ. ಅದೇ ಸಾಕಾಗಿತ್ತು. ಮಾರನೆಯ ದಿನದಿಂದ ಮಕ್ಕಳು ಶಾಲೆಗೆ ಬರುವುದನ್ನು ನಿಲ್ಲಿಸಿದರು. ಮೇಷ್ಟರ ಮನೆಯ ನೀರು ಶಾಲೆಯ ಕೊಡಕ್ಕೆ ಬರುತ್ತದಲ್ಲ!

ತೊಣ್ಣೂರಿನ ಕೆರೆಯ ಆಚೆಗೆ, ಹಿಂದೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಹಾಕಿಕೊಂಡಿದ್ದ ಗುಡಿಸಲುಗಳಲ್ಲಿ ಒಂದು ಇನ್ನೂ ನಿಂತಿದೆ. ಯಶೋದೆ ಅಲ್ಲಿರುತ್ತೇನೆ ಎಂದಳು. ಬೇಡ ಎಂದು ನಾನು ಹೇಳಲಿಲ್ಲ. ಹೇಳಬಹುದಿತ್ತು. ಹುಲ್ಲು ತರಿಸಿ ಸೂರು ಹೊದಿಸಿ ಕೊಟ್ಟೆ. ಪಕ್ಕದ ಹೊಲದ ಮಂಚಮ್ಮ ಎಂಬ ಒಕ್ಕಲಗಿತ್ತಿ ಹಾಲು, ರಾಗಿ ಕೊಡುತ್ತಾಳೆ, ಜೊತೆಗೆ ಕೂತು ಮಾತಾಡುತ್ತಾಳೆ. ಅವಳಿಗೆ ನಮ್ಮ ಸತ್ಯವೇದ ಗೊತ್ತಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಹೋಗುತ್ತೇನೆ, ಭಾನುವಾರ ಬೆಳಿಗ್ಗೆ ಆರಾಧನೆಗೆ ಹಿಂದಿರುಗುತ್ತೇನೆ.

ಬನ್ನಿ ಭಾವ. ಒಂದೇ ಒಂದು ಸಲ ಬನ್ನಿ. ಮೂಲದಲ್ಲಿ ಹಾಗಿಲ್ಲ ಎಂದು ನೀವು ದೇವಾಲಯದಲ್ಲಿ ನಿಂತು ಹೇಳಿದರೆ ಇವರು ಕೇಳುತ್ತಾರೆ. ನಾನು ಹೇಳಿದರೆ ಹೆಂಡತಿಯ ಪರ ಹೇಳುತ್ತಾನೆ ಎನ್ನುತ್ತಾರೆ.

ನಿಮ್ಮ
ಅಂದಾನಯ್ಯ


ಬೆಂಗಳೂರು
೯ ಜನವರಿ ೧೯೨೮

ಪ್ರಿಯ ಅಂದಾನಯ್ಯ,

ನಿನ್ನ ಕಾಗದವನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ. ಓದಿ ಸುಟ್ಟುಹಾಕಿದೆ.

ನಮ್ಮೂರು ಚಿನಕುರಳಿಯಲ್ಲಿ ಅವಳು ನನ್ನ ಹೆಗಲ ಮೇಲೆ ಕೂತು ಬೆಳೆದವಳು. ಅಪ್ಪ ಮತ ಬದಲಾಯಿಸಿದಾಗ ಊರ ಬಾವಿಯಿಂದ ನಮ್ಮನ್ನು ದೂರ ಇಟ್ಟರು. ಆಗ ಅವಳು ಅತ್ತದ್ದು ನನಗೆ ನೆನಪಿದೆ. ಈಗ ನಮ್ಮವರೇ!

ಆದರೆ ಈಗ ಬರಲಾರೆ. ನೀನೇ ಯೋಚಿಸು. ನಾನು ಬಂದು ದೇವಾಲಯದಲ್ಲಿ ನಿಂತು ಮಾತಾಡಿದರೆ ಅದು ಮೈಸೂರಿಗೆ ಮುಟ್ಟಲು ಎಷ್ಟು ಹೊತ್ತು? ಗಂಡಿನ ಕಡೆಯವರ ನೆಂಟರು ಶ್ರೀರಂಗಪಟ್ಟಣದಲ್ಲೇ ಇದ್ದಾರೆ. ಮೇ ಕಳೆಯಲಿ. ಮದುವೆಯಾದ ಮರುದಿನವೇ ಹೊರಟು ಬರುತ್ತೇನೆ, ಮಾತು ಕೊಡುತ್ತೇನೆ. ಅದುವರೆಗೆ ಯಾರಿಗೂ ತಿಳಿಯದ ಹಾಗೆ ನೋಡಿಕೊ. ಮಾರ್ಚಿನಲ್ಲಿ ಕಮಿಟಿ ಆ ಅಧ್ಯಾಯಕ್ಕೆ ಬರುತ್ತದೆ. ಅಲ್ಲಿ ಈ ಪದವನ್ನು ನಾನು ಎತ್ತುತ್ತೇನೆ. ಪದ ಬದಲಾದರೆ ಚೌಡಯ್ಯನೂ ಬದಲಾಗಬೇಕಾಗುತ್ತದೆ.

ಅವಳಿಗೆ ಒಂದು ಉಣ್ಣೆಯ ಶಾಲು ಕಳಿಸಿದ್ದೇನೆ. ಕೆರೆಯ ಗಾಳಿಗೆ ಚಳಿ ಇರುತ್ತದೆ.

ದೇವಯ್ಯ


ಫ್ರೆಂಚ್ ರಾಕ್ಸ್
೧೫ ಏಪ್ರಿಲ್ ೧೯೨೮

ಪ್ರಿಯ ಭಾವನವರಿಗೆ ವಂದನೆಗಳು.

ಶಾಲು ತಲುಪಿತು. ಮದುವೆಗೆ ಹೋಗಲಾಗುವುದಿಲ್ಲವೆಂದು ಯಶೋದೆಗೆ ಮೊದಲು ಬೇಸರವಿತ್ತು. ಈಗಿಲ್ಲ. ಈಚೆಗೆ ಅವಳು ಗೆಲುವಾಗಿದ್ದಾಳೆ. ನಿಮಗೆ ಇದನ್ನು ತಿಳಿಸಬೇಕೆಂದೇ ಕೂತು ಬರೆಯುತ್ತಿದ್ದೇನೆ.

ನೀವು ಹೇಳಿದ್ದ ಆ ವಚನವನ್ನು ಅವಳಿಗೆ ಓದಿ ಹೇಳಿದ್ದೆ. ಅವಳು ಎರಡು ಸಲ ಓದಿಸಿದಳು. "ಅಂಗಂದ್ರೆ ನಾನು ಪೂರ್ತಾ ಬೆಳ್ಳಗಾಗ್ಬುಟ್ರೆ ಚೌಡಯ್ಯನೋರು ಒಳಕ್ಕೆ ಸೇರಿಸ್ಕಬೇಕು ಅಲ್ವಾ?" ಎಂದಳು. ಬರೆದಿರುವುದಂತೂ ಹಾಗೇ ಎಂದೆ. "ಬರ್ದಿರೋದ್ನ ಅವ್ರು ಮೀರಕ್ಕಿಲ್ಲ ಬುಡಿ" ಎಂದು ನಕ್ಕಳು. ನೀವು ನಗಲಿ ಎಂದು ಬರೆದಿದ್ದಿರಿ, ನಕ್ಕಳು. ಆಮೇಲೆ ಪ್ರತಿ ಶನಿವಾರ ಹೋದಾಗಲೂ ಕೈ ಚಾಚಿ ತೋರಿಸುತ್ತಾಳೆ. ಈಗ ಮೊಣಕೈ ದಾಟಿದೆ, ಕತ್ತಿಗೂ ಬಂದಿದೆ. ಹಿಂದೆ ಒಂದೊಂದು ಮಚ್ಚೆಗೂ ಅಳುತ್ತಿದ್ದವಳು ಈಗ ಹೊಸದು ಬಂದರೆ ಸಂತೋಷಪಡುತ್ತಾಳೆ. ಒಲೆಯ ಕೊಳ್ಳಿ ತಾಗಿ ಸುಟ್ಟ ಜಾಗ ಮಾಗಿ ಬೆಳ್ಳಗಾಗಿದೆ. ಅದನ್ನೂ ತೋರಿಸಿದಳು. ಮನಸ್ಸು ಹೇಗೋ ಒಂದು ದಾರಿ ಹುಡುಕಿಕೊಂಡಿತಲ್ಲ ಎಂದು ನನಗೂ ಹಗುರವಾಗಿದೆ.

ಹಿರಿಯರಿಗೆ ಮೋಶೆಯ ಅಕ್ಕ ಮಿರ್ಯಾಮಳ ಕಥೆಯನ್ನು ನೆನಪಿಸಿದೆ. ಅವಳ ಮೈ ಹಿಮದಂತೆ ಬಿಳುಪಾಗಿ ಪಾಳೆಯದ ಹೊರಗಿದ್ದಾಗ, ಅವಳು ಒಳಗೆ ಬರುವ ತನಕ ಜನರೆಲ್ಲ ಪ್ರಯಾಣ ನಿಲ್ಲಿಸಿ ಕಾದರು ಎಂದು ಬರೆದಿದೆಯಲ್ಲವೇ ಎಂದೆ. "ನಾವೂ ಕಾಯ್ತಾ ಇದ್ದೀವಿ ಮೇಷ್ಟ್ರೇ, ವಾಸಿಯಾಗ್ಲಿ" ಎಂದರು ಚೌಡಯ್ಯ. ನಿಜವಾಗಿಯೇ ಹಾಗೆ ನಂಬಿದ್ದಾರೆ.

ಮಾರ್ಚಿನ ಕಮಿಟಿಯಲ್ಲಿ ಏನಾಯಿತು? ನೀವು ಬರೆಯಲೇ ಇಲ್ಲ.

ನಿಮ್ಮ
ಅಂದಾನಯ್ಯ


ಬೆಂಗಳೂರು
೩ ಜೂನ್ ೧೯೨೮

ಪ್ರಿಯ ಅಂದಾನಯ್ಯ,

ದೇವರ ದಯೆಯಿಂದ ಮದುವೆ ಸಾಂಗವಾಗಿ ಆಯಿತು. ಬಹಳ ಜನ ಬಂದಿದ್ದರು. ನಿನ್ನನ್ನೂ ಯಶೋದೆಯನ್ನೂ ಎಲ್ಲರೂ ಕೇಳಿದರು. ಕಾಯಿಲೆ ಎಂದಷ್ಟೇ ಹೇಳಿದೆ. ಹುಡುಗಿ ಗಂಡನ ಮನೆಗೆ ಹೊರಡುವಾಗ ಅತ್ತೆ ಅತ್ತೆ ಎಂದು ಅತ್ತುಬಿಟ್ಟಳು.

ಮಾರ್ಚಿನ ಕಮಿಟಿಯಲ್ಲಿ ಸಮಯ ಸಾಲಲಿಲ್ಲ. ಅಧ್ಯಾಯಗಳು ಬೇಗ ಬೇಗ ಮುಂದೆ ಹೋದವು. ಇದನ್ನೆಲ್ಲ ಕಾಗದದಲ್ಲಿ ಬರೆಯುವುದು ಕಷ್ಟ, ಎದುರಿಗೆ ಹೇಳುತ್ತೇನೆ. ಮದುವೆಯಾದ ಕೂಡಲೆ ಬರುತ್ತೇನೆ ಎಂದಿದ್ದೆ. ಆದರೆ ಬೀಗರು ಇನ್ನೂ ಬಂದು ಹೋಗುತ್ತಿದ್ದಾರೆ. ಮಳೆ ನಿಂತ ಮೇಲೆ ಖಂಡಿತ ಬರುತ್ತೇನೆ. ಅವಳು ಗೆಲುವಾಗಿದ್ದಾಳೆ ಎಂದು ಓದಿ ನನಗೆ ಎಷ್ಟೋ ಸಮಾಧಾನವಾಯಿತು.

ನಿನ್ನ
ದೇವಯ್ಯ


ಫ್ರೆಂಚ್ ರಾಕ್ಸ್
೧೯ ಆಗಸ್ಟ್ ೧೯೨೮

ದೇವಯ್ಯನವರಿಗೆ,

ನಿಮ್ಮ ತಂಗಿ ತೀರಿಕೊಂಡಳು. ಈಗ ಅವಳನ್ನು ಮಣ್ಣು ಮಾಡಿ ಎರಡು ವಾರದ ಮೇಲಾಯಿತು. ತಂತಿ ಕೊಡಬಹುದಿತ್ತು. ಬೀಗರು ಮನೆಯಲ್ಲಿದ್ದಾರೆಂದು ಬರೆದಿದ್ದಿರಿ. ಅದಕ್ಕೇ ಕೊಡಲಿಲ್ಲ.

ಶಾಲೆಯ ತನಿಖೆಯಿದ್ದುದರಿಂದ ಅವಳು ತೀರಿಕೊಳ್ಳುವ ಮುಂಚಿನ ಶನಿವಾರ ನಾನು ಹೋಗಿರಲಿಲ್ಲ. ಆಮೇಲೆ ಮಂಚಮ್ಮನೇ ನಡೆದುಕೊಂಡು ಹಿರೋಡೆಗೆ ಬಂದಳು. ಶಾಲೆಯ ಬಾಗಿಲಲ್ಲಿ ನಿಂತು ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಸೋಮಿ, ಅವ್ವ ಚಿತ್ರಮೂಲದ ಬೇರು ತಂದ್ಕೊಡು, ಮಂಡಿನೋವ್ಗೆ ಅಂದ್ರು. ನಾನೇ ಕಿತ್ತು ತಂದ್ಕೊಟ್ಟೆ. ಅದ್ನ ಅರ್ದು ಮೈಗೆಲ್ಲ ಬಳ್ಕಂಡವ್ರೆ. ಬೊಬ್ಬೆ ಎದ್ದು ಒಡ್ದೋಗದೆ. ಯಾಕವ್ವ ಇಂಗ್ ಮಾಡ್ಕಂಡೆ ಅಂದ್ರೆ, ಸುಟ್ಟಿದ್ದು ಮಾಗುದ್ರೆ ಬೆಳ್ಳಗಾಯ್ತದೆ ಮಂಚಮ್ಮ, ಇನ್ನ ಬೆನ್ನು ಒಟ್ಟೆ ಅಷ್ಟೇಯ ಉಳ್ದಿರದು ಅಂತಾರೆ. ಮೈ ಕೆಂಡ ಆಗದೆ. ಬಿರ್‍ರನೆ ಬನ್ನಿ."

ಹೋಗಿ ನೋಡಿದೆ. ಏನು ನೋಡಿದೆ ಎಂದು ಬರೆಯಲಾರೆ. ಚಿತ್ರಮೂಲ ಹಸಿ ಚರ್ಮವನ್ನು ಬೇಯಿಸಿಬಿಡುತ್ತದೆ ಎಂದು ನಿಮಗೂ ಗೊತ್ತು. ಹುಣ್ಣುಗಳಲ್ಲಿ ಕೀವು ತುಂಬಿತ್ತು. ಮಂಚಮ್ಮ ಬಾಳೆಯೆಲೆ ಹಾಸಿ ಮಲಗಿಸಿದ್ದಳು. ಅವಳ ಮನೆಯವರೇ ಗಾಡಿ ಕಟ್ಟಿದರು. ಮೈಸೂರಿಗೆಂದು ಹೊರಟೆವು. ಶ್ರೀರಂಗಪಟ್ಟಣದ ಹತ್ತಿರ, ಗಾಡಿ ಸೇತುವೆ ಹತ್ತುವಾಗ, ಯಶೋದೆ ಕಣ್ಣು ಬಿಟ್ಟು, "ನೋಡಿ, ಪೂರ್ತಾ ಆಯ್ತಾ?" ಎಂದು ಕೇಳಿದಳು.

ಆಯಿತು ಎಂದೆ.

ಹೊಳೆ ದಾಟುವುದರೊಳಗೆ ಉಸಿರು ನಿಂತಿತ್ತು.

ಗಾಡಿ ತಿರುಗಿಸಿಕೊಂಡು ಬಂದೆವು. ಹಿರಿಯರು ನಮ್ಮ ಸಮಾಧಿಯ ನೆಲದಲ್ಲಿ ಜಾಗ ಕೊಡಲಿಲ್ಲ. ಮಂಚಮ್ಮನ ಗಂಡ ತನ್ನ ಹೊಲದ ಬದುವಿನಲ್ಲಿ, ಹೊಂಗೆಯ ಮರದ ಕೆಳಗೆ ಗುಂಡಿ ತೆಗೆದುಕೊಟ್ಟ. ಪ್ರಾರ್ಥನೆ ಮಾಡಿದವನು ನಾನೊಬ್ಬನೇ. ಚೌಡಯ್ಯನವರು ಬಂದಿದ್ದರು. ಆದರೆ ಕೆರೆಯ ಏರಿಯ ಮೇಲೆ, ದೂರದಲ್ಲಿ, ರುಮಾಲು ತೆಗೆದು ನಿಂತಿದ್ದರು. ಹತ್ತಿರ ಬರಲಿಲ್ಲ, ಮುಗಿಯುವ ತನಕ ಹೋಗಲೂ ಇಲ್ಲ.

ನಮ್ಮ ದೊರೆಗಳು ರಜೆ ಮುಗಿಸಿ ಮಾರ್ಚಿಗೇ ಬೆಂಗಳೂರಿಗೆ ಬಂದಿದ್ದರಂತೆ, ಕಮಿಟಿಯಲ್ಲಿಯೂ ಕುಳಿತಿದ್ದರಂತೆ. ಮೊನ್ನೆ ಇಲ್ಲಿಗೆ ಬಂದು ನನ್ನನ್ನು ಕಂಡರು. ಆ ಅಧ್ಯಾಯಕ್ಕೆ ಇಡೀ ಒಂದು ಮಧ್ಯಾಹ್ನ ಕೊಟ್ಟಿದ್ದರು ಎಂದು ಹೇಳಿದರು. ಕುಷ್ಠ ಎಂಬ ಪದದ ಬಗ್ಗೆ ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಅಧ್ಯಕ್ಷರು ಕೇಳಿದರಂತೆ. ನೀವು ಅವರ ಎದುರಿಗೇ ಕುಳಿತಿದ್ದಿರಂತೆ. ಮಾತಾಡಲಿಲ್ಲವಂತೆ.

ಸಮಯ ಸಾಲಲಿಲ್ಲ ಎಂದು ನನಗೆ ಬರೆದಿರಿ.

ಅಂದಾನಯ್ಯ


ಬೆಂಗಳೂರು
೨ ಸೆಪ್ಟೆಂಬರ್ ೧೯೨೮

ಅಂದಾನಯ್ಯ,

ಏನೆಂದು ಬರೆಯಲಿ. ಅಧ್ಯಕ್ಷರು ಕೇಳಿದ್ದು ನಿಜ. ನಾನು ಬಾಯಿ ತೆರೆದಿದ್ದೆ ಕೂಡ. ನನ್ನ ಪಕ್ಕದಲ್ಲಿ ಬೀಗರ ಸೋದರ ಕುಳಿತಿದ್ದರು, ಅವರೂ ಕಮಿಟಿಯವರೇ. ಈ ಪದದ ಮೇಲೆ ನಿಮಗೇಕೆ ಇಷ್ಟು ಆಸ್ಥೆ ಎಂದು ಅವರು ಒಂದು ಮಾತು ಕೇಳಿದ್ದರೆ ನನ್ನ ಮುಖವೇ ಹೇಳಿಬಿಡುತ್ತಿತ್ತು.

ನಿನ್ನೆ ಅಧ್ಯಕ್ಷರ ಬಳಿ ಹೋಗಿ ಆ ಪದವನ್ನು ಈಗಲಾದರೂ ಬದಲಾಯಿಸಬಹುದೇ ಎಂದು ಕೇಳಿದೆ. ಆ ಹಾಳೆಗಳ ಅಚ್ಚಿನ ಮೊಳೆ ಜೋಡಿಸಿ ಆಗಿದೆ, ಇನ್ನು ತೆಗೆಯಲಾಗದು ಎಂದರು. ಜನ ಒಗ್ಗಿಕೊಂಡಿದ್ದಾರಲ್ಲ ದೇವಯ್ಯನವರೇ ಎಂದೂ ಹೇಳಿದರು. ಅದು ನನ್ನದೇ ಮಾತು. ಕಮಿಟಿಗೆ ರಾಜೀನಾಮೆ ಕೊಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಆ ವಚನವನ್ನು ಅವಳಿಗೆ ಓದಿ ಹೇಳೆಂದು ಬರೆದವನು ನಾನು. ಅವಳೆಂದು ನನಗೆ ಗೊತ್ತಿರಲಿಲ್ಲ. ಬೇರೆ ಯಾರೋ ಆಗಿದ್ದರೆ ಅದು ತಮಾಷೆಯಾಗಿಯೇ ಉಳಿಯುತ್ತಿತ್ತೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಒಂದು ಸಾಲು ಬರೆ. ಬೈದಾದರೂ ಬರೆ.

ದೇವಯ್ಯ


ಬೆಂಗಳೂರು
೨೦ ಅಕ್ಟೋಬರ್ ೧೯೨೯

ಅಂದಾನಯ್ಯ,

ಒಂದು ವರ್ಷವಾಯಿತು, ನಿನ್ನಿಂದ ಉತ್ತರವಿಲ್ಲ. ನಾನು ಉತ್ತರ ಕೇಳುವುದನ್ನು ಬಿಟ್ಟಿದ್ದೇನೆ. ಆದರೂ ಇದನ್ನು ನಿನಗೆ ತಿಳಿಸಬೇಕು.

ಕಳೆದ ತಿಂಗಳು ತೊಣ್ಣೂರಿಗೆ ಬಂದಿದ್ದೆ. ಫ್ರೆಂಚ್ ರಾಕ್ಸ್ ಸ್ಟೇಷನ್ನಿನಲ್ಲಿ ಇಳಿದೆ. ನಿನ್ನ ಶಾಲೆಯ ಮುಂದೆಯೇ ಹಾದುಹೋದೆ. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು, ನಿನ್ನ ದನಿಯೂ ಕೇಳಿಸಿತು. ಮೆಟ್ಟಿಲು ಹತ್ತದೆ ಮುಂದೆ ನಡೆದೆ. ಕೆರೆ ತುಂಬಿತ್ತು. ದಾರಿ ಕೇಳಿಕೊಂಡು ಹೋದಾಗ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸು ಎದ್ದು ಬಂದಳು. ಮಂಚಮ್ಮ ಅವಳೇ. ಹೊಂಗೆಯ ಮರದ ಕೆಳಗಿನ ಜಾಗ ತೋರಿಸಿದಳು. ಸುತ್ತ ಕಲ್ಲು ಇಟ್ಟಿದ್ದೀಯ. ನಾನು ಅಲ್ಲೇ ಕುಳಿತುಬಿಟ್ಟೆ. ಅವಳು ಚೊಂಬಿನಲ್ಲಿ ನೀರು ತಂದುಕೊಟ್ಟು, "ನೀವು ಅವ್ವಂಗೆ ಏನಾಗ್ಬೇಕು?" ಎಂದು ಕೇಳಿದಳು.

ಅಣ್ಣ ಎಂದೆ.

"ಓ," ಎಂದಳು, "ಅವ್ವಂಗೆ ಅಣ್ಣ ಇದ್ರಾ?"

ದೇವಯ್ಯ


ಫ್ರೆಂಚ್ ರಾಕ್ಸ್
೮ ಫೆಬ್ರವರಿ ೧೯೩೧

ದೇವಯ್ಯನವರಿಗೆ,

ನಿಮ್ಮ ಎರಡು ಕಾಗದಗಳೂ ನನ್ನಲ್ಲಿವೆ. ಬೈದು ಬರೆಯಲು ಎಷ್ಟೋ ಸಲ ಕೂತೆ. ಬೈಯಲು ಆರಂಭಿಸಿದರೆ ನನ್ನಿಂದಲೇ ಆರಂಭಿಸಬೇಕಾಗುತ್ತಿತ್ತು. ಗುಡಿಸಲಿಗೆ ಹುಲ್ಲು ಹೊದಿಸಿದವರು ನೀವಲ್ಲವಲ್ಲ.

ಮಂಚಮ್ಮ ನಿಮ್ಮ ವಿಷಯ ಹೇಳಿದಳು. ನೀವು ಬಂದಿದ್ದು ಒಳ್ಳೆಯದಾಯಿತು.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಹೊಸ ಸತ್ಯವೇದ ನಮ್ಮ ದೇವಾಲಯಕ್ಕೂ ಬಂದಿದೆ. ಒಳ್ಳೆಯ ಅಚ್ಚು, ಕನ್ನಡವೂ ಎಷ್ಟೋ ಕಡೆ ತಿಳಿಯಾಗಿದೆ. ಇಂದು ಪಾಠ ಓದುವ ಸರದಿ ನನ್ನದು. ಗೊತ್ತಾಗಿದ್ದ ಪಾಠ ಅರಾಮ್ಯರ ಸೇನಾಪತಿ ನಾಮಾನನ ಕಥೆ. ಅವನು ಪರಾಕ್ರಮಿ, ರಾಜನಿಗೆ ಬೇಕಾದವನು ಎಂದು ಓದಿದೆ. ಮುಂದಿನ ಮಾತು ಹೊಸ ಪುಸ್ತಕದಲ್ಲಿಯೂ ಕುಷ್ಠ ಎಂದೇ ಇತ್ತು. ಮುಂಚೆ ಯೋಚಿಸಿಟ್ಟುಕೊಂಡಿರಲಿಲ್ಲ, ದೇವರಾಣೆ. "ಆದರೆ ಅವನಿಗೆ ತ್ಸಾರಾಅತ್ ಇತ್ತು" ಎಂದು ಓದಿಬಿಟ್ಟೆ. ನೀವು ಕಲಿಸಿದ ಹಾಗೆಯೇ, ನಾಲಿಗೆಯ ತುದಿ ಹಲ್ಲಿಗೆ ತಾಗಿಸಿ.

ಎಲ್ಲರೂ ತಲೆಯೆತ್ತಿ ನೋಡಿದರು. ಚೌಡಯ್ಯನವರಿಗೆ ಈಗ ಕಣ್ಣು ಮಂದ, ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ಆರಾಧನೆಯ ಮಧ್ಯದಲ್ಲಿ ಎಂದೂ ಮಾತಾಡದವರು ಕೇಳಿದರು, "ಅದೇನ್ ಮೇಷ್ಟ್ರೇ ಅದು? ಕುಷ್ಠ ಅಲ್ವಾ ಅಲ್ಲಿರೋದು?"

"ಅಚ್ಚಾಗಿರುವುದು ಕುಷ್ಠ. ಮೂಲದಲ್ಲಿರುವುದು ನಾನು ಓದಿದ್ದು."

"ಅಂಗಂದ್ರೇನು?"

ನೀವು ಬರೆದಿದ್ದೆಲ್ಲ ಬಾಯಿಗೆ ಬಂತು. ಹೊಡೆತ, ಗ್ರೀಕರು, ಗೋಡೆಯ ಮೇಲಿನ ಕಲೆ. ಒಂದನ್ನೂ ಹೇಳಲಿಲ್ಲ.

"ಗೊತ್ತಿಲ್ಲ ಚೌಡಯ್ಯನವರೇ," ಎಂದೆ. "ಆ ಪದಕ್ಕೆ ಕನ್ನಡವಿಲ್ಲ. ಅದು ಯಾವ ಕಾಯಿಲೆಯೆಂದು ಈಗ ಬದುಕಿರುವವರು ಯಾರೂ ಖಚಿತವಾಗಿ ಹೇಳಲಾರರು. ಕಮಿಟಿಯವರಿಗೂ ಗೊತ್ತಿಲ್ಲ."

ನಾನು ಮುಂದೆ ಓದಲೋ ಬೇಡವೋ ಎಂದು ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಚೌಡಯ್ಯನವರು ಕೋಲು ಊರಿಕೊಂಡು ಎದ್ದುನಿಂತರು. ನನ್ನ ಕಡೆಗಲ್ಲ, ಎದುರಿನ ಖಾಲಿ ಗೋಡೆಯ ಕಡೆಗೆ ನೋಡುತ್ತ ಕೇಳಿದರು:

"ಅಂಗಾರೆ ಏನೂ ಗೊತ್ತಿಲ್ದೇನೆ ಆಯಮ್ಮುನ್ನ ಆಚೆಗಾಕುದ್ವಾ?"

ಹೌದು ಎಂದೆ.

ಅಂದಾನಯ್ಯ